ಪೆಟ್ಟಿಗೆ ಬೇರೆ, ಆವೇಶ ಅದೇ

524.256 ಎಂಬ ಅಂಕಿ ಎಲ್ಲಿಂದ ಬಂತು?

ಆಲಮಟ್ಟಿ ಅಣೆಕಟ್ಟೆಯ ಮಾತು ಬಂದಾಗಲೆಲ್ಲ ಎರಡು ಅಂಕಿಗಳು ಕಿವಿಗೆ ಬೀಳುತ್ತವೆ. ಈಗ ನೀರು ನಿಲ್ಲಿಸುವ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮಟ್ಟ 524.256 ಮೀಟರ್. ಬೀಳಗಿ, ಜಮಖಂಡಿ ಕಡೆಯ ಹಿನ್ನೀರಿನ ಊರುಗಳಲ್ಲಿ ಈ ಎರಡನೆಯ ಅಂಕಿ ಎಷ್ಟೋ ಮನೆಗಳಿಗೆ ಬಾಯಿಪಾಠವಾಗಿದೆ. ಅದರಲ್ಲಿ ಒಂದು ಒಗಟೂ ಇದೆ. ಅಷ್ಟು ದೊಡ್ಡ ಜಲಾಶಯದ ಮಟ್ಟವನ್ನು ಮಿಲಿಮೀಟರ್ ಲೆಕ್ಕದಲ್ಲಿ ಯಾರು ಗೊತ್ತುಮಾಡುತ್ತಾರೆ? ಗಾಳಿ ಬೀಸಿದರೆ ಏಳುವ ತೆರೆಯೇ ಅದಕ್ಕಿಂತ ಎಷ್ಟೋ ಎತ್ತರ. ಉತ್ತರ ಸರಳ: 1720 ಅಡಿಯನ್ನು 0.3048ರಿಂದ ಗುಣಿಸಿ ನೋಡಿ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ 524.256 ಬರುತ್ತದೆ. ಅಡಿಯಲ್ಲಿ ಗುಂಡಾಗಿದ್ದ ಸಂಖ್ಯೆ ಮೀಟರಿಗೆ ಬರುವಾಗ ಮೂರು ದಶಾಂಶಗಳನ್ನು ಹೊತ್ತು ತಂದಿದೆ. ಗುಡ್ಡ, ಗೋಡೆ, ನೀರು ಯಾವುದೂ ಕದಲಿಲ್ಲ. ಬದಲಾದದ್ದು ಅಳತೆಗೋಲು ಮಾತ್ರ.

ಎತ್ತರದಲ್ಲಿ ಇದು ಸುಲಭ, ಏಕೆಂದರೆ ಎತ್ತರಕ್ಕೆ ಒಂದೇ ದಿಕ್ಕು. ಅದೇ ಜಲಾಶಯದ ನೀರಿನ ಲೆಕ್ಕಕ್ಕೆ ಬಂದರೆ ಎಡವುವ ಜಾಗ ಎದುರಾಗುತ್ತದೆ. 519.60 ಮೀಟರ್ ಮಟ್ಟದಲ್ಲಿ ಆಲಮಟ್ಟಿಯಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಟಿಎಂಸಿ ಎಂದರೆ ಸಾವಿರ ದಶಲಕ್ಷ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಇದನ್ನು ಘನ ಮೀಟರಿಗೆ ತರಬೇಕು. ಒಂದು ಮೀಟರಿಗೆ 3.28 ಅಡಿ ಎಂದು ಶಾಲೆಯಲ್ಲಿ ಕಲಿತವರ ಕೈ ತಾನಾಗಿ 3.28ರಿಂದ ಭಾಗಿಸಲು ಹೋಗುತ್ತದೆ. ಸುಮಾರು 3,750 ಕೋಟಿ ಘನ ಮೀಟರ್ ಎಂಬ ಉತ್ತರ ಬರುತ್ತದೆ. ನಿಜವಾದ ಉತ್ತರ ಸುಮಾರು 348 ಕೋಟಿ ಘನ ಮೀಟರ್. ತಪ್ಪು ಹತ್ತು ಪಟ್ಟಿಗೂ ಹೆಚ್ಚು. ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಯಲ್ಲಿ ಉದ್ದಕ್ಕೆ 3.28 ಅಡಿ, ಅಗಲಕ್ಕೆ 3.28 ಅಡಿ, ಎತ್ತರಕ್ಕೂ 3.28 ಅಡಿ ಹಿಡಿಯುತ್ತದೆ. ಮೂರನ್ನೂ ಗುಣಿಸಿದರೆ ಒಂದು ಘನ ಮೀಟರಿನಲ್ಲಿ 35.31 ಘನ ಅಡಿ. ಟಿಎಂಸಿಯ ಗುಟ್ಟು ಇಷ್ಟೇ.

ನೀರಿನ ಈ ಲೆಕ್ಕ ಗೊತ್ತಿದ್ದವರು ಇನ್ನೊಂದು ಹೆಜ್ಜೆ ಇಟ್ಟರೆ ಕಣ್ಣಿಗೆ ಕಾಣದ ವಸ್ತುವೊಂದರ ಲೆಕ್ಕವೂ ಕೈಗೆ ಸಿಗುತ್ತದೆ. ಗಾಳಿಯಲ್ಲಿ ತೇಲುವ ಧೂಳಿನಲ್ಲಿ ವಿದ್ಯುದಾವೇಶ ಎಷ್ಟು ದಟ್ಟವಾಗಿದೆ ಎಂಬುದೇ ಆ ಲೆಕ್ಕ. ಒಂದು ಘನ ಅಡಿಗೆ ಇಷ್ಟು ಎಂದು ಹೇಳಿದ ದಟ್ಟಣೆಯನ್ನು ಘನ ಮೀಟರಿಗೆ ಇಷ್ಟು ಎಂದು ಬದಲಿಸುವಾಗ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಈ ಅಧ್ಯಾಯ ಬಿಡಿಸಿ ನೋಡುತ್ತದೆ.

ಮಗ್ಗದಲ್ಲಿ, ಸಕ್ಕರೆ ಧೂಳಿನಲ್ಲಿ

ಎರಡು ವಸ್ತುಗಳ ಮೈ ಒಂದಕ್ಕೊಂದು ತಾಗಿ ಬೇರೆಯಾದಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ದಾಟಿಕೊಳ್ಳುತ್ತವೆ. ಪಡೆದದ್ದು ಋಣ, ಕಳೆದುಕೊಂಡದ್ದು ಧನ. ಈ ಹೆಚ್ಚು-ಕಡಿಮೆಯನ್ನೇ ಆವೇಶ, ಚಾರ್ಜ್ ಎನ್ನುತ್ತೇವೆ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಇದು ದಿನವಿಡೀ ನಡೆಯುತ್ತದೆ. ಹಾಸಿನ ಎಳೆಗಳು ಹಣಿಗೆಯ ಹಲ್ಲುಗಳಿಗೆ ಉಜ್ಜುತ್ತವೆ, ಲಾಳಿ ಅತ್ತಿಂದಿತ್ತ ಓಡುತ್ತದೆ, ನೂಲು ಲೋಹಕ್ಕೂ ಕಟ್ಟಿಗೆಗೂ ತಾಗಿ ತಾಗಿ ಬಿಡುತ್ತದೆ. ಹತ್ತಿಯ ನೂಲಾದರೆ ತೊಂದರೆ ಕಡಿಮೆ. ಒಣ ಹತ್ತಿಯ ತೂಕಕ್ಕೆ ಹೋಲಿಸಿದರೆ ಅದು ಹಿಡಿದಿಟ್ಟುಕೊಳ್ಳುವ ತೇವ ಸಾಮಾನ್ಯವಾಗಿ ಶೇಕಡಾ 8.5ರಷ್ಟು, ಆ ತೇವದ ದಾರಿ ಹಿಡಿದು ಆವೇಶ ಸೋರಿಹೋಗುತ್ತದೆ. ಪಾಲಿಯೆಸ್ಟರ್ ಹಿಡಿಯುವ ತೇವ ಶೇಕಡಾ 0.4 ಮಾತ್ರ. ಬಂದ ಆವೇಶ ಅಲ್ಲೇ ಕೂರುತ್ತದೆ. ಒಂದೇ ಬಗೆಯ ಆವೇಶ ಹೊತ್ತ ಎಳೆಗಳು ಒಂದನ್ನೊಂದು ದೂಡಿ ಚದುರುತ್ತವೆ, ನಾರಿನ ನವಿರು ಎದ್ದು ನಿಲ್ಲುತ್ತದೆ, ಧೂಳು ಬಂದು ಅಂಟುತ್ತದೆ, ಎಳೆ ಹರಿಯುತ್ತದೆ. ಚಳಿಗಾಲದ ಒಣಹವೆಯಲ್ಲಿ ಇದು ಹೆಚ್ಚು.

ಚಳಿಗಾಲವೆಂದರೆ ಮುಧೋಳ, ಜಮಖಂಡಿ, ಬೀಳಗಿಯ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಕೂಡ. ಸಕ್ಕರೆಯನ್ನು ಒಣಗಿಸಿ, ಜರಡಿ ಹಿಡಿದು, ಮೂಟೆಗೆ ತುಂಬುವ ಕಡೆ ನಯವಾದ ಧೂಳು ಏಳುತ್ತದೆ. ಕಣಕ್ಕೆ ಕಣ, ಕೊಳವೆಗೆ ಕಣ ಉಜ್ಜಿದಾಗ ಆ ಧೂಳಿಗೂ ಆವೇಶ ಬರುತ್ತದೆ. ಮಗ್ಗದಲ್ಲಿ ಆವೇಶ ನೂಲಿನ ಮೈಮೇಲಿದ್ದರೆ ಇಲ್ಲಿ ಅದು ಗಾಳಿಯ ತುಂಬ ಹರಡಿಕೊಂಡಿದೆ. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ, ಇಷ್ಟು ಜಾಗದಲ್ಲಿ ಎಷ್ಟು ಆವೇಶ ತುಂಬಿದೆ ಎಂಬುದು. ಇದನ್ನು ಆವೇಶದ ದಟ್ಟಣೆ ಎಂದು ಕರೆಯೋಣ.

ಎಕರೆಗೆ ನಲವತ್ತು ಟನ್

ದಟ್ಟಣೆಯ ಲೆಕ್ಕದಲ್ಲಿ ಜನ ತಪ್ಪುವುದು ದಿಕ್ಕಿನಲ್ಲಿ. ದೊಡ್ಡ ಅಳತೆಗೆ ಹೋದರೆ ಅಂಕಿ ಚಿಕ್ಕದಾಗಬೇಕು ಎಂಬ ಎಣಿಕೆ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹತ್ತು ಎಕರೆ ಎಂದರೆ ಸುಮಾರು ನಾಲ್ಕು ಹೆಕ್ಟೇರ್, ಅಂಕಿ ಕುಗ್ಗಿತು. ಆದರೆ ಕಬ್ಬಿನ ಇಳುವರಿಯನ್ನು ತೆಗೆದುಕೊಳ್ಳಿ. ಎಕರೆಗೆ 40 ಟನ್ ಬೆಳೆದ ಹೊಲದ ಇಳುವರಿ ಹೆಕ್ಟೇರಿಗೆ ಎಷ್ಟು? ಒಂದು ಹೆಕ್ಟೇರಿಗೆ 2.471 ಎಕರೆ, ಆದ್ದರಿಂದ ಹೆಕ್ಟೇರಿಗೆ ಸುಮಾರು 99 ಟನ್. ಅಂಕಿ ಎರಡೂವರೆ ಪಟ್ಟು ಹಿಗ್ಗಿತು, ಹೊಲದಲ್ಲಿ ಒಂದು ಗಣಿಕೆಯೂ ಹೆಚ್ಚು ಬೆಳೆಯಲಿಲ್ಲ. ಅದೇ ಇಳುವರಿಯನ್ನು ಗುಂಟೆಗೆ ಇಳಿಸಿದರೆ ಒಂದು ಟನ್. ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲದ ಗುಂಟೆ ಸಣ್ಣದು. ಅದರ ಪಾಲಿಗೆ ಬರುವುದೂ ಸಣ್ಣ ಪಾಲು. ‘ಇಷ್ಟಕ್ಕೆ ಇಷ್ಟು’ ಎಂಬ ಯಾವ ಲೆಕ್ಕದಲ್ಲಾದರೂ ‘ಇಷ್ಟಕ್ಕೆ’ ಎಂಬುದು ಹಿಗ್ಗಿದರೆ ‘ಇಷ್ಟು’ ಎಂಬುದೂ ಜೊತೆಯಲ್ಲೇ ಹಿಗ್ಗುತ್ತದೆ. ಇದನ್ನು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿದ್ಯುತ್ತಿನ ಹೆಸರು ಕೇಳಿದ ಕೂಡಲೇ ಅದನ್ನು ಮರೆಯದಿದ್ದರೆ ಸಾಕು.

ಕೂಲಂಬಿಗೆ ಅಡಿ-ಪೌಂಡಿನ ಜೋಡಿ ಇಲ್ಲ

ಕಬ್ಬಿನ ಲೆಕ್ಕದಲ್ಲಿ ಎರಡು ತಲೆನೋವು ಬರಬಹುದು: ನೆಲದ ಅಳತೆಯೂ ಎರಡು ಬಗೆ, ಟನ್ನೂ ಎರಡು ಬಗೆ, ಮೆಟ್ರಿಕ್ ಮತ್ತು ಬ್ರಿಟಿಷ್. ಆವೇಶದ ಲೆಕ್ಕ ಇದಕ್ಕಿಂತ ಹಗುರ. ಆವೇಶವನ್ನು ಅಳೆಯಲು ಇಡೀ ಜಗತ್ತು ಬಳಸುವ ಮಾನ ಕೂಲಂಬ್. ಎರಡು ಆವೇಶಗಳ ನಡುವಿನ ಸೆಳೆತ, ತಳ್ಳಾಟಗಳನ್ನು 1785ರಲ್ಲಿ ತಿರುಚು ತಕ್ಕಡಿಯಿಂದ ಅಳೆದ ಫ್ರಾನ್ಸಿನ ಷಾರ್ಲ್ ಕೂಲಂಬ್‌ನ ಹೆಸರು ಅದು. ಉದ್ದಕ್ಕೆ ಮೀಟರಿದ್ದಂತೆ ಅಡಿ ಇದೆ, ತೂಕಕ್ಕೆ ಕಿಲೊ ಇದ್ದಂತೆ ಪೌಂಡ್ ಇದೆ. ಕೂಲಂಬಿಗೆ ಮಾತ್ರ ಬಳಕೆಯಲ್ಲಿ ನಿಂತ ಬ್ರಿಟಿಷ್ ಜೋಡಿ ಯಾವುದೂ ಇಲ್ಲ.

ಇದಕ್ಕೆ ಕಾರಣ ಕಾಲ. ಅಡಿ, ಗಜ, ಪೌಂಡ್‌ಗಳು ಸಂತೆಯಲ್ಲಿ, ಹೊಲದಲ್ಲಿ ಶತಮಾನಗಳಿಂದ ಬೇರುಬಿಟ್ಟವು. ವಿದ್ಯುತ್ತಿಗೆ ಒಪ್ಪಿತ ಮಾನ ಬೇಕೆನಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಟೆಲಿಗ್ರಾಫ್ ತಂತಿಗಳು ದೇಶ ದೇಶಗಳನ್ನು ಕೂಡಿಸುತ್ತಿದ್ದಾಗ. ಬ್ರಿಟನ್ನಿನ ವಿಜ್ಞಾನಿಗಳ ಸಂಘವೇ ವಿಲಿಯಂ ಥಾಮ್ಸನ್ನನ ಒತ್ತಾಸೆಯಿಂದ 1861ರಲ್ಲಿ ಇದಕ್ಕಾಗಿ ಸಮಿತಿ ಮಾಡಿತು. ಮುಂದೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೂಡ ಅದರಲ್ಲಿ ದುಡಿದ. ಆ ಸಮಿತಿ ತನ್ನ ದೇಶದ ಅಡಿ-ಪೌಂಡನ್ನು ಬಿಟ್ಟು ಮೆಟ್ರಿಕ್ ತಳಹದಿಯನ್ನೇ ಆರಿಸಿಕೊಂಡಿತು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಕೂಲಂಬ್, ಆಂಪಿಯರ್‌ಗಳಿಗೆ ಮುದ್ರೆ ಒತ್ತಿತು. 2019ರ ಮೇ 20ರಿಂದ ಕೂಲಂಬನ್ನು ಎಲೆಕ್ಟ್ರಾನಿನ ಆವೇಶಕ್ಕೇ ಕಟ್ಟಿಹಾಕಲಾಗಿದೆ. ಒಂದು ಕೂಲಂಬಿನ ಹತ್ತು ಲಕ್ಷದಲ್ಲೊಂದು ಪಾಲಾದ ಮೈಕ್ರೊಕೂಲಂಬ್ ಎಂದರೆ ಸುಮಾರು 6.24 ಲಕ್ಷ ಕೋಟಿ ಎಲೆಕ್ಟ್ರಾನುಗಳ ಆವೇಶ. ಲಂಡನ್ನಿನಲ್ಲಿ ಎಣಿಸಲಿ, ಮುಧೋಳದಲ್ಲಿ ಎಣಿಸಲಿ, ಎಣಿಕೆ ಅಷ್ಟೇ.

ಹೀಗಾಗಿ ಘನ ಅಡಿಗೆ ಇಷ್ಟು ಮೈಕ್ರೊಕೂಲಂಬ್ ಎಂಬ ಮಾತಿನಲ್ಲಿ ಮೇಲಿನ ಅರ್ಧ, ಅಂದರೆ ಆವೇಶ, ಆಗಲೇ ಮೆಟ್ರಿಕ್. ಅದನ್ನು ಮುಟ್ಟಬೇಕಾಗಿಲ್ಲ. ಬದಲಿಸಬೇಕಾದದ್ದು ಕೆಳಗಿನ ಅರ್ಧ, ಆವೇಶ ತುಂಬಿದ ಪೆಟ್ಟಿಗೆ.

ನೂಲು, ಬಟ್ಟೆ, ಗಾಳಿ

ಪೆಟ್ಟಿಗೆ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ಈ ಭಾಗದ ಉದ್ಯಮಗಳಲ್ಲೇ ಮೂರು ಮೆಟ್ಟಿಲು ಸಿಗುತ್ತವೆ. ಮೊದಲನೆಯದು ನೂಲು. ಒಂದು ಅಡಿ ನೂಲಿನ ಮೇಲೆ ಒಂದು ಘಟಕ ಆವೇಶ ಇದೆ ಎನ್ನೋಣ. ಒಂದು ಮೀಟರ್ ನೂಲಿನ ಮೇಲೆ 3.28 ಘಟಕ ಇರುತ್ತದೆ, ಏಕೆಂದರೆ ನೂಲಿಗೆ ಉದ್ದ ಮಾತ್ರ ಲೆಕ್ಕ. ಎರಡನೆಯದು ಬಟ್ಟೆ. ಚದರ ಅಡಿಗೆ ಒಂದು ಘಟಕವಿದ್ದರೆ ಚದರ ಮೀಟರಿಗೆ 3.28 ಎರಡು ಸಲ ಗುಣಿಸಿ 10.76 ಘಟಕ. ಮೂರನೆಯದು ಧೂಳು ತುಂಬಿದ ಗಾಳಿ. ಘನ ಅಡಿಗೆ ಒಂದು ಘಟಕವಿದ್ದರೆ ಘನ ಮೀಟರಿಗೆ 3.28 ಮೂರು ಸಲ ಗುಣಿಸಿ 35.31 ಘಟಕ. ಆವೇಶ ಎಷ್ಟು ದಿಕ್ಕುಗಳಲ್ಲಿ ಹರಡಿದೆಯೋ ಅಷ್ಟು ಸಲ ಗುಣಾಕಾರ. ಇಡೀ ಅಧ್ಯಾಯದ ಯಂತ್ರ ಇದೇ. ಉಳಿದದ್ದೆಲ್ಲ ಇದರ ಬಳಕೆ.

1959ರಲ್ಲಿ ಬ್ರಿಟನ್, ಅಮೆರಿಕ ಮತ್ತಿತರ ದೇಶಗಳು ಕೂಡಿ ಒಂದು ಅಡಿ ಎಂದರೆ ಸರಿಯಾಗಿ 0.3048 ಮೀಟರ್, ಒಂದು ಅಂಗುಲವೆಂದರೆ ಸರಿಯಾಗಿ 2.54 ಸೆಂಟಿಮೀಟರ್ ಎಂದು ಒಪ್ಪಿಕೊಂಡಿದ್ದರಿಂದ ಈ ಗುಣಾಕಾರದಲ್ಲಿ ಅಂದಾಜು ಎಂಬುದಿಲ್ಲ. ನಾವು ಎಷ್ಟು ದಶಾಂಶಕ್ಕೆ ನಿಲ್ಲಿಸುತ್ತೇವೆ ಎಂಬುದಷ್ಟೇ ಪ್ರಶ್ನೆ. ಘನ ಅಡಿಗೆ ಒಂದು ಮೈಕ್ರೊಕೂಲಂಬ್ ಎಂಬ ಒಂದೇ ಸ್ಥಿತಿಯನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಹೇಳಿ ನೋಡೋಣ. ಘನ ಮೀಟರಿಗೆ 35.31. ಗಜವೆಂದರೆ ಮೂರು ಅಡಿ, ಮೂರು ಸಲ ಗುಣಿಸಿದರೆ 27; ಆದ್ದರಿಂದ ಘನ ಗಜಕ್ಕೆ 27. ಅಡಿಯಲ್ಲಿ ಹನ್ನೆರಡು ಅಂಗುಲ, ಮೂರು ಸಲ ಗುಣಿಸಿದರೆ 1,728. ಆದ್ದರಿಂದ ಘನ ಅಂಗುಲಕ್ಕೆ 1,728ರಲ್ಲಿ ಒಂದು ಪಾಲು, ಸುಮಾರು 0.00058 ಮೈಕ್ರೊಕೂಲಂಬ್. ಮೂವತ್ತೈದು, ಇಪ್ಪತ್ತೇಳು, ಒಂದು, ಸೊನ್ನೆಗೆ ಹತ್ತಿರದ ಅಂಕಿ: ನಾಲ್ಕೂ ಒಂದೇ ಗಾಳಿಯ, ಒಂದೇ ಕ್ಷಣದ ವರ್ಣನೆ. ಘನ ಅಂಗುಲದ ಆ ಪುಟ್ಟ ಅಂಕಿಯಲ್ಲೂ ಸುಮಾರು 361 ಕೋಟಿ ಎಲೆಕ್ಟ್ರಾನುಗಳ ಆವೇಶವಿದೆ.

ತಪ್ಪಿದರೆ ಏನಾದೀತು?

ಗಾಳಿ ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದರೆ ಒಂದು ಮೀಟರ್ ಅಂತರದಲ್ಲಿ ಸುಮಾರು 30 ಲಕ್ಷ ವೋಲ್ಟಿನಷ್ಟು ಒತ್ತಡ ಬಿದ್ದರೆ ಅದರ ತಡೆ ಮುರಿಯುತ್ತದೆ, ಕಿಡಿ ಹಾರುತ್ತದೆ. ಆವೇಶ ಹೊತ್ತ ಧೂಳಿನ ಮೋಡದ ಅಂಚಿನಲ್ಲಿ ಈ ಒತ್ತಡ ಎರಡು ಸಂಗತಿಗಳ ಮೇಲೆ ನಿಂತಿದೆ: ಮೋಡ ಎಷ್ಟು ದೊಡ್ಡದು, ಆವೇಶ ಎಷ್ಟು ದಟ್ಟ. ಲೆಕ್ಕಕ್ಕಾಗಿ ಮೂರು ಮೀಟರ್ ತ್ರಿಜ್ಯದ ಚೆಂಡಿನಾಕಾರದ ಮೋಡವೊಂದನ್ನು ಹಿಡಿಯೋಣ. ಅದರಲ್ಲಿ ಘನ ಮೀಟರಿಗೆ ಒಂದು ಮೈಕ್ರೊಕೂಲಂಬ್ ಇದ್ದರೆ ಅಂಚಿನಲ್ಲಿ ಮೀಟರಿಗೆ ಸುಮಾರು 1.13 ಲಕ್ಷ ವೋಲ್ಟ್. ಗಾಳಿ ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಇನ್ನು, ಅಳತೆಯ ಹಾಳೆಯಲ್ಲಿ ಅದೇ ‘ಒಂದು’ ಎಂಬ ಅಂಕಿ ಘನ ಅಡಿಯ ಲೆಕ್ಕದಲ್ಲಿ ಬರೆದದ್ದಾಗಿದ್ದರೆ? ಸರಿಯಾಗಿ ಬದಲಿಸಿದರೆ ದಟ್ಟಣೆ 35.31, ಅಂಚಿನ ಒತ್ತಡದ ಲೆಕ್ಕ ಮೀಟರಿಗೆ ಸುಮಾರು 40 ಲಕ್ಷ ವೋಲ್ಟ್. ಅಲ್ಲಿಗೆ ಮುಟ್ಟುವ ಮೊದಲೇ ಗಾಳಿ ಸೋತು ಕಿಡಿ ಹಾರಿರುತ್ತದೆ. ಮೂರು ಸಲದ ಬದಲು ಒಂದೇ ಸಲ 3.28ರಿಂದ ಗುಣಿಸಿದವರಿಗೆ ಸಿಗುವುದು 3.7 ಲಕ್ಷ ವೋಲ್ಟ್. ದಿಕ್ಕು ತಪ್ಪಿ ಗುಣಿಸುವ ಕಡೆ ಭಾಗಿಸಿದವರಿಗೆ ಬರೀ 3,200 ವೋಲ್ಟ್. ಈ ಇಬ್ಬರೂ ಅಪಾಯವಿಲ್ಲ ಎಂದು ಬರೆದುಕೊಟ್ಟಾರು. ಧೂಳು ಅವರ ಹಾಳೆಯನ್ನು ಓದುವುದಿಲ್ಲ.

ಸಕ್ಕರೆಯ ಧೂಳು ಗಾಳಿಯಲ್ಲಿ ಹದವಾಗಿ ಬೆರೆತಾಗ ಸ್ಫೋಟಿಸಬಲ್ಲದು. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನ ಸಕ್ಕರೆ ಕಾರ್ಖಾನೆಯಲ್ಲಿ ಹಾಗೆ ಆಗಿ 14 ಮಂದಿ ಸತ್ತರು. ಅಲ್ಲಿ ಕಿಡಿ ಹೊತ್ತಿಸಿದ್ದು ಬಹುಶಃ ಕಾದ ಬೇರಿಂಗ್ ಎಂದು ತನಿಖೆ ಹೇಳಿತು. ಉಜ್ಜುವಿಕೆಯ ವಿದ್ಯುತ್ತಿನ ಮೇಲೆ ಆ ಹೊಣೆ ಹೊರಿಸುವುದು ಸರಿಯಲ್ಲ. ಆದರೆ ಧೂಳು ಸಿದ್ಧವಾಗಿ ನಿಂತಾಗ ಯಾವ ಕಿಡಿಯಾದರೂ ಸಾಕು ಎಂಬ ಪಾಠ ಅದರಲ್ಲಿದೆ. ಧೂಳನ್ನು ಆಗಾಗ ತೆಗೆಯುವುದು, ಲೋಹದ ಭಾಗಗಳನ್ನೆಲ್ಲ ನೆಲಕ್ಕೆ ಅರ್ಥಿಂಗ್ ಮಾಡುವುದು, ಆವೇಶವನ್ನು ಅಳೆಯುವುದು ಇವೆಲ್ಲ ಅದಕ್ಕಾಗಿಯೇ. ಅಳೆದದ್ದನ್ನು ತಪ್ಪಾಗಿ ಬದಲಿಸಿದರೆ ಅಳೆದ ಶ್ರಮವೂ ವ್ಯರ್ಥ, ಅದು ಕೊಡುವ ಧೈರ್ಯವೂ ಸುಳ್ಳು.

ಮೂರು ಆಕ್ಷೇಪಗಳು

ಮೊದಲ ಆಕ್ಷೇಪ: ಭಾರತ 1956ರಲ್ಲೇ ಮೆಟ್ರಿಕ್ ಅಳತೆಯ ಕಾಯ್ದೆ ಮಾಡಿತು, ಈಗ ಘನ ಅಡಿಯ ಗೊಡವೆ ಏಕೆ? ಕಾಯ್ದೆ ಬಂದರೂ ಅಡಿ ಹೋಗಿಲ್ಲ ಎಂಬುದೇ ಉತ್ತರ. ಹಿಪ್ಪರಗಿ ಬ್ಯಾರೇಜಿನಿಂದ ಬಿಟ್ಟ ನೀರು ಇಂದಿಗೂ ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ ಸುದ್ದಿಯಾಗುತ್ತದೆ. ಗಾಳಿ ಎಳೆಯುವ ಫ್ಯಾನುಗಳ ಸಾಮರ್ಥ್ಯವನ್ನು ಸಿಎಫ್‌ಎಂನಲ್ಲಿ, ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಹೇಳುವುದು ವಾಡಿಕೆ. ನೂಲಿನ ನಂಬರು ಕೂಡ ಬ್ರಿಟಿಷ್ ಲೆಕ್ಕದ್ದೇ: ಒಂದು ಪೌಂಡ್ ನೂಲಿನಲ್ಲಿ 840 ಗಜದ ಎಷ್ಟು ಲಡಿ ಎಂಬ ಎಣಿಕೆ. ಎರಡು ಪದ್ಧತಿಗಳು ಒಂದೇ ಶೆಡ್ಡಿನಲ್ಲಿ ಇರುವವರೆಗೆ ಇದರಿಂದ ಅದಕ್ಕೆ ದಾಟುವ ಕೆಲಸ ತಪ್ಪಿದ್ದಲ್ಲ.

ಎರಡನೆಯ ಆಕ್ಷೇಪ: ಮೊಬೈಲಿಗೆ ಕೊಟ್ಟರೆ ಕ್ಷಣದಲ್ಲಿ ಬದಲಿಸಿಕೊಡುತ್ತದೆ. ನಿಜ, ಗುಣಾಕಾರದಲ್ಲಿ ಅದು ತಪ್ಪುವುದಿಲ್ಲ. ಆದರೆ ಹಾಳೆಯಲ್ಲಿ ಬರೆದದ್ದು ಘನ ಅಡಿಯೋ ಚದರ ಅಡಿಯೋ, ಹೋಗಬೇಕಾದ ದಿಕ್ಕು ಯಾವುದು ಎಂಬುದನ್ನು ನಾವೇ ಹೇಳಬೇಕು. ತಪ್ಪು ಪ್ರಶ್ನೆಗೂ ಅದು ಹತ್ತು ದಶಾಂಶಗಳ ಉತ್ತರ ಕೊಡುತ್ತದೆ. ಉತ್ತರ ಮೂವತ್ತೈದು ಪಟ್ಟಿನ ಆಸುಪಾಸು ಇರಬೇಕು, ದೊಡ್ಡ ಪೆಟ್ಟಿಗೆಗೆ ದೊಡ್ಡ ಅಂಕಿ ಬರಬೇಕು ಎಂಬ ಅಂದಾಜು ತಲೆಯಲ್ಲಿದ್ದವರಿಗೆ ಮಾತ್ರ ಆ ತಪ್ಪು ಕಣ್ಣಿಗೆ ಬೀಳುತ್ತದೆ.

ಮೂರನೆಯದು ಹೆಚ್ಚು ಆಳದ ಆಕ್ಷೇಪ: ಆವೇಶ ಇರುವುದು ಧೂಳಿನ ಕಣಗಳ ಮೇಲೆ, ನಡುವಿನದೆಲ್ಲ ಬರೀ ಗಾಳಿ, ಹಾಗಿರುವಾಗ ಘನ ಮೀಟರಿನ ದಟ್ಟಣೆಯನ್ನು ಘನ ಅಂಗುಲಕ್ಕೆ ಇಳಿಸುವುದು ಎಷ್ಟು ಸರಿ? ಲೆಕ್ಕ ಹಾಕಿ ನೋಡಬಹುದು. ಘನ ಮೀಟರಿನಲ್ಲಿ 50 ಗ್ರಾಂ ಸಕ್ಕರೆ ಧೂಳು, ಒಂದೊಂದು ಕಣ ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪ ಎಂದಿಟ್ಟುಕೊಂಡರೆ ಅದರಲ್ಲಿ ಸುಮಾರು ಆರು ಕೋಟಿ ಕಣ, ಘನ ಅಡಿಯಲ್ಲಿ ಸುಮಾರು 17 ಲಕ್ಷ, ಘನ ಅಂಗುಲದಲ್ಲಿ ಹೆಚ್ಚುಕಡಿಮೆ ಸಾವಿರ. ಸಾವಿರ ಕಣಗಳ ಸರಾಸರಿ ಇನ್ನೂ ನಂಬಿಕೆಗೆ ಅರ್ಹ. ಘನ ಮಿಲಿಮೀಟರಿಗೆ ಇಳಿದರೆ ಹದಿನೇಳು ಪೆಟ್ಟಿಗೆಗಳಲ್ಲಿ ಎಲ್ಲೋ ಒಂದರಲ್ಲಿ ಒಂದು ಕಣ, ಉಳಿದವು ಖಾಲಿ. ಅಲ್ಲಿ ದಟ್ಟಣೆ ಎಂಬ ಮಾತಿಗೇ ಅರ್ಥವಿಲ್ಲ. ಆಕ್ಷೇಪದಲ್ಲಿ ಸತ್ಯವಿದೆ, ಆದರೆ ಅದು ತಾಗುವುದು ಅಳತೆಯ ಪದ್ಧತಿಗಲ್ಲ. ಘನ ಅಂಗುಲಕ್ಕೆ ಇಷ್ಟು ಎಂದು ಬರೆದವರು ಒಂದು ಅಂಗುಲದ ಪೆಟ್ಟಿಗೆಯೊಳಗೆ ಅಳೆದಿದ್ದಾರೆ ಎಂದೇನಲ್ಲ. ದೊಡ್ಡ ಜಾಗದ ಸರಾಸರಿಯನ್ನು ಚಿಕ್ಕ ಮಾನದಲ್ಲಿ ಹೇಳಿದ್ದಾರೆ. ಯಾವ ಮಾನದಲ್ಲಿ ಹೇಳಿದರು ಎಂಬುದರ ಜೊತೆಗೆ ಎಷ್ಟು ಜಾಗದಲ್ಲಿ ಅಳೆದರು ಎಂಬುದನ್ನೂ ಬರೆದಿಟ್ಟರೆ ಗೊಂದಲಕ್ಕೆ ಎಡೆಯಿಲ್ಲ.

ತಾಳೆ ನೋಡುವ ಬಗೆ

ಆವೇಶದ ದಟ್ಟಣೆಯನ್ನು ಬದಲಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಆವೇಶ ಕೂಲಂಬಿನಲ್ಲೇ ಇದೆಯೇ? ಇದ್ದರೆ ಅದನ್ನು ಮುಟ್ಟಬೇಡಿ. ಅದು ಹರಡಿರುವುದು ಎಳೆಯ ಉದ್ದಕ್ಕೋ, ಬಟ್ಟೆಯ ಮೈಗೋ, ಗಾಳಿಯ ತುಂಬವೋ? ಅದಕ್ಕೆ ತಕ್ಕಂತೆ ಒಂದು, ಎರಡು ಅಥವಾ ಮೂರು ಸಲ ಗುಣಿಸಿ. ಹೋಗುತ್ತಿರುವುದು ದೊಡ್ಡ ಪೆಟ್ಟಿಗೆಗೋ ಚಿಕ್ಕದಕ್ಕೋ? ದೊಡ್ಡದಾದರೆ ಅಂಕಿ ಹಿಗ್ಗಬೇಕು, ಚಿಕ್ಕದಾದರೆ ಕುಗ್ಗಬೇಕು. ಕೊನೆಗೆ ಬಂದ ಉತ್ತರವನ್ನು ಮರಳಿ ಹಂಚಿ ನೋಡಿ: ಘನ ಮೀಟರಿನ 35.31 ಮೈಕ್ರೊಕೂಲಂಬನ್ನು ಅದರೊಳಗಿನ 35.31 ಘನ ಅಡಿಗಳಿಗೆ ಪಾಲು ಮಾಡಿದಾಗ ಒಂದೊಂದಕ್ಕೂ ಒಂದು ಮೈಕ್ರೊಕೂಲಂಬ್ ಬಂದರೆ ಲೆಕ್ಕ ಸರಿ. ಬಾರದಿದ್ದರೆ ತಪ್ಪಿರುವುದು ಗುಣಿಸಿದ ಸಲದಲ್ಲಿ, ಇಲ್ಲವೇ ದಿಕ್ಕಿನಲ್ಲಿ. ಎರಡನ್ನೂ ಅಲ್ಲೇ ತಿದ್ದಿಕೊಳ್ಳಬಹುದು.